ಹೊಟ್ಟೆ ಡಯಾಲಿಸಿಸ್‌ಗೆ ಪೈಪ್ ಹಾಕಿಸುವ ಮುನ್ನ: ವಿಧಾನಗಳು, ತಯಾರಿ, ಮೊದಲ ಎರಡು ವಾರ

"ಸಿಸ್ಟರ್, ಪೈಪ್ ಕೊಯ್ದು ಹಾಕಿಸ್ಲೋ, ತೂತು ಹಾಕಿ ಹಾಕಿಸ್ಲೋ?"

ದಾವಣಗೆರೆಯಲ್ಲಿ ಹೊಟ್ಟೆ ಡಯಾಲಿಸಿಸ್ ರೋಗಿಗಳಿಗೆ ತರಬೇತಿ ಕೊಡುವ ನರ್ಸ್ ಆಗಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಜಗಳೂರು, ಹೊನ್ನಾಳಿ, ಚನ್ನಗಿರಿಯಿಂದ ಬರುವವರೂ ಕೇಳುತ್ತಾರೆ, ಹೊಸದುರ್ಗ, ಮೊಳಕಾಲ್ಮೂರು ಕಡೆಯವರೂ ಕೇಳುತ್ತಾರೆ. ವಾರಕ್ಕೆ ಮೂರು ಸಲ ಬಸ್ ಹತ್ತಿ ರಕ್ತದ ಡಯಾಲಿಸಿಸ್‌ಗೆ ಬಂದುಹೋಗುವುದು ದೂರದ ಊರಿನವರಿಗೆ ಎಷ್ಟು ಕಷ್ಟ ಅಂತ ಹೇಳಬೇಕಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಈ ದಾರಿ ಅಂಥವರಿಗೆ ದೊಡ್ಡ ಆಸರೆ. ಆದರೆ ಎಲ್ಲವೂ ನಿಂತಿರುವುದು ಆ ಒಂದು ಪೈಪಿನ ಮೇಲೆ. ಅದು ಸರಿಯಾಗಿ ಕೂತರೆ ವರ್ಷಗಟ್ಟಲೆ ಅದರ ಯೋಚನೆಯೇ ಇರುವುದಿಲ್ಲ. ತಪ್ಪಾಗಿ ಕೂತರೆ ಮೊದಲ ತಿಂಗಳಲ್ಲೇ ಕಾಟ ಶುರು.

ಯಾವ ವಿಧಾನ ಅನ್ನುವುದನ್ನು ಮುಕ್ಕಾಲು ಪಾಲು ನಿಮ್ಮ ಹೊಟ್ಟೆಯ ಹಿಂದಿನ ಕಥೆಯೇ ತೀರ್ಮಾನಿಸುತ್ತದೆ. ನಿಮ್ಮ ಕೈಯಲ್ಲಿರುವುದು ಮೂರು ಕೆಲಸ: ಆ ಕಥೆಯನ್ನು ಮುಚ್ಚಿಡದೆ ಹೇಳುವುದು, ಪೈಪ್ ಹೊರಬರುವ ಜಾಗವನ್ನು ಆಪರೇಷನ್‌ಗೆ ಮೊದಲೇ ನಿಮ್ಮ ಮೈಮೇಲೆ ಗುರುತು ಹಾಕಿಸಿಕೊಳ್ಳುವುದು, ಹಾಕಿದ ಮೇಲೆ ಗಾಯಕ್ಕೆ ಮಾಯಲು ಸಮಯ ಕೊಡುವುದು. ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಮೂರರ ಬಳಿಯೇ. ನಿಮ್ಮ ದೇಹಕ್ಕೆ ಯಾವುದು ಸರಿ ಎಂಬುದನ್ನು ಪರೀಕ್ಷೆ ಮಾಡಿದ ಕಿಡ್ನಿ ವೈದ್ಯರು ಮತ್ತು ಸರ್ಜನ್ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು, ಏನು ಹೇಳಬೇಕು ಅನ್ನುವುದಕ್ಕೆ ಇದನ್ನು ಇಟ್ಟುಕೊಳ್ಳಿ.

ಮೊದಲು ಈ ಪೈಪ್ ಏನು ಅಂತ ನೋಡೋಣ

ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದಿಸಿದಂತೆ ಒಂದು ತೆಳು ಪೊರೆ ಇದೆ. ಅದೇ ಪೆರಿಟೋನಿಯಂ, ಉದರಪೊರೆ. ಹೊಟ್ಟೆಯೊಳಗೆ ಡಯಾಲಿಸಿಸ್ ದ್ರವ ಬಿಟ್ಟು ಕೆಲವು ಗಂಟೆ ಇಟ್ಟರೆ, ರಕ್ತದಲ್ಲಿರುವ ಕಶ್ಮಲ ಮತ್ತು ಹೆಚ್ಚುವರಿ ನೀರು ಆ ಪೊರೆಯ ಮೂಲಕ ಸೋಸಿ ದ್ರವಕ್ಕೆ ಬರುತ್ತದೆ. ಆಮೇಲೆ ಅದನ್ನು ಹೊರಗೆ ಹರಿಸಿ ಹೊಸ ದ್ರವ ತುಂಬುತ್ತೇವೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 2 ಲೀಟರ್, ದಿನಕ್ಕೆ 3ರಿಂದ 4 ಸಲ. ಒಳಗೆ ಬಿಡುವುದಕ್ಕೂ ಹೊರಗೆ ತೆಗೆಯುವುದಕ್ಕೂ ಇರುವ ಬಾಗಿಲು ಈ ಪೈಪ್. ಆಸ್ಪತ್ರೆಯವರು ಕ್ಯಾತಿಟರ್ ಎನ್ನುತ್ತಾರೆ.

ಹೆಚ್ಚಿನ ಕಡೆ ಬಳಸುವುದು ಟೆನ್‌ಕಾಫ್ ಕ್ಯಾತಿಟರ್. 1968ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆನ್ರಿ ಟೆನ್‌ಕಾಫ್ ಮತ್ತು ಅವರ ಜೊತೆಗಾರ ಶೆಕ್ಟರ್ ಪ್ರಕಟಿಸಿದ ವಿನ್ಯಾಸ ಅದು. ಇವತ್ತಿಗೂ ಮೂಲ ರೂಪ ಹಾಗೇ ಇದೆ. ಕೈಯಲ್ಲಿ ಹಿಡಿದರೆ ಮೆತ್ತಗಿನ ಸಿಲಿಕಾನ್ ಕೊಳವೆ, ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ, ಉದ್ದ ಒಂದೂವರೆಯಿಂದ ಎರಡು ಅಡಿ. ಹೊಟ್ಟೆಯೊಳಗೆ ಹೋಗುವ ತುದಿಯಲ್ಲಿ ಸಾಲಾಗಿ ಸಣ್ಣ ತೂತುಗಳು. ನಡುವೆ ಎರಡು ಕಡೆ ಬಿಳಿ ಬಟ್ಟೆಯಂಥ ಪಟ್ಟಿ ಸುತ್ತಿರುತ್ತದೆ, ಅವನ್ನು ಕಫ್ ಎನ್ನುತ್ತಾರೆ. ಬೆರಳಲ್ಲಿ ಸವರಿದರೆ ಕಂಬಳಿಯ ಹಾಗೆ ಒರಟು. ಒಂದು ಕಫ್ ಹೊಟ್ಟೆಯ ಸ್ನಾಯುವಿನೊಳಗೆ ಕೂರುತ್ತದೆ, ಇನ್ನೊಂದು ಚರ್ಮದ ಕೆಳಗೆ. ಕೆಲವು ವಾರಗಳಲ್ಲಿ ನಿಮ್ಮ ಮಾಂಸವೇ ಆ ಒರಟಿನೊಳಗೆ ಬೆಳೆದು ಪೈಪನ್ನು ಹಿಡಿದುಕೊಳ್ಳುತ್ತದೆ, ರೋಗಾಣು ಒಳಗೆ ಹೋಗುವ ದಾರಿಗೂ ತಡೆಯಾಗುತ್ತದೆ. ಕಾಯಬೇಕು ಅಂತ ನಾವು ಹೇಳುವುದು ಈ ಬೆಳವಣಿಗೆಗೆ.

ತುದಿ ನೇರ ಇರುವುದು, ಸುರುಳಿ ಇರುವುದು ಎರಡೂ ಸಿಗುತ್ತವೆ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಕುವವರ ಕೈಗೆ ರೂಢಿಯಾಗಿರುವುದೇ ನಿಮಗೆ ಒಳ್ಳೆಯದು.

ಹಂತ 1: ಹೊಟ್ಟೆಯ ಪೂರ್ತಿ ಕಥೆ ಹೇಳಿ

ಹಿಂದೆ ಏನಾದರೂ ಆಪರೇಷನ್ ಆಗಿದೆಯಾ ಅಂತ ಕೇಳಿದರೆ ಬಹಳ ಜನ ಹೆಂಗಸರು ಇಲ್ಲ ಅನ್ನುತ್ತಾರೆ. ಸ್ವಲ್ಪ ಬಿಡಿಸಿ ಕೇಳಿದರೆ, "ಮಕ್ಕಳಾಗ್ದಂಗೆ ಆಪರೇಷನ್ ಆಗೇತಿ, ಅದೂ ಲೆಕ್ಕನಾ ಸಿಸ್ಟರ್?" ಲೆಕ್ಕವೇ. ಸಿಸೇರಿಯನ್, ಗರ್ಭಕೋಶ ತೆಗೆಸಿದ್ದು, ಅಪೆಂಡಿಕ್ಸ್, ಕರುಳಿನ ಆಪರೇಷನ್, ಹೊಟ್ಟೆಯ ಟಿಬಿ, ಎಲ್ಲವನ್ನೂ ಹೇಳಿ. ಹೊಟ್ಟೆ ಒಮ್ಮೆ ತೆರೆದಲ್ಲಿ ಕರುಳು ಗೋಡೆಗೆ ಅಂಟಿಕೊಂಡಿರಬಹುದು. ಆ ಅಂಟಿನ ಮೇಲೆ ಕಣ್ಣಿಗೆ ಕಾಣದಂತೆ ಸೂಜಿ ಚುಚ್ಚಿದರೆ ಕರುಳಿಗೆ ಪೆಟ್ಟಾಗುವ ಅಪಾಯವಿದೆ.

ಹರ್ನಿಯಾ, ಅಂದರೆ ಅಂಡವಾಯು ಇದ್ದರೂ ಈಗಲೇ ತೋರಿಸಿ. ಹೊಕ್ಕುಳು ಉಬ್ಬುವುದು, ಕೆಮ್ಮಿದಾಗ ತೊಡೆಸಂದಿಯಲ್ಲಿ ಗಡ್ಡೆ ಕಾಣುವುದು, ಹಳೇ ಗಾಯದ ಜಾಗ ಹೊರಬರುವುದು ಇದರ ಗುರುತು. ಹೊಟ್ಟೆಯಲ್ಲಿ 2 ಲೀಟರ್ ದ್ರವ ನಿಂತರೆ ಸಣ್ಣ ಹರ್ನಿಯಾ ದೊಡ್ಡದಾಗುತ್ತದೆ. ಪೈಪ್ ಹಾಕುವಾಗಲೇ ಅದನ್ನೂ ಸರಿಮಾಡಿಸಿಕೊಳ್ಳಲು ಬರುತ್ತದೆ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ಸಮೇತ ತೋರಿಸಿ. ನಿಲ್ಲಿಸಬೇಕೋ ಬೇಡವೋ ಅವರೇ ಹೇಳಲಿ. ಎದೆಗೆ ಸ್ಟೆಂಟ್ ಹಾಕಿಸಿದವರು ತಾವಾಗಿಯೇ ಮಾತ್ರೆ ನಿಲ್ಲಿಸಿ ಬರುವುದು ಪೈಪಿನ ಆಪರೇಷನ್‌ಗಿಂತ ದೊಡ್ಡ ಅಪಾಯ. ಪೆನಿಸಿಲಿನ್ ಅಥವಾ ಬೇರೆ ಯಾವ ಔಷಧಿ ಒಗ್ಗದಿದ್ದರೂ ಹೇಳಿ, ಆಪರೇಷನ್‌ಗೆ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್ ಕೊಡುತ್ತಾರೆ.

ಹಂತ 2: ವಿಧಾನ ತಿಳಿದುಕೊಳ್ಳಿ

ಮುಖ್ಯವಾಗಿ ಮೂರು ದಾರಿ.

ಸೂಜಿಯಿಂದ ಹಾಕುವುದು. ಪರ್ಕ್ಯುಟೇನಿಯಸ್ ಅನ್ನುತ್ತಾರೆ, ಚರ್ಮದ ಮೂಲಕ ಅಂತ ಅರ್ಥ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಇಳಿಸಿ, ಅದರೊಳಗೆ ತೆಳು ತಂತಿ ಬಿಟ್ಟು, ತಂತಿಯ ಮೇಲೆ ದಾರಿ ಅಗಲ ಮಾಡಿ ಪೈಪ್ ಇಳಿಸುತ್ತಾರೆ. ಅನೇಕ ಕಡೆ ಕಿಡ್ನಿ ವೈದ್ಯರೇ ಮಾಡುತ್ತಾರೆ. ಸರ್ಜನ್‌ಗಾಗಿ, ಆಪರೇಷನ್ ಥಿಯೇಟರಿಗಾಗಿ ಕಾಯಬೇಕಿಲ್ಲ. ಹೃದಯ ದುರ್ಬಲವಾಗಿದ್ದು ಪೂರ್ತಿ ಅರಿವಳಿಕೆ ತಡೆಯದವರಿಗೆ ಇದು ವರದಾನ. ಆದರೆ ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಥವಾ ಸಿನಿಮಾದ ಹಾಗೆ ಚಲಿಸುವ ಚಿತ್ರ ತೋರಿಸುವ ಎಕ್ಸ್‌ರೇ ನೋಡುತ್ತಾ ಮಾಡಿದರೆ ಕರುಳು, ರಕ್ತನಾಳಕ್ಕೆ ಪೆಟ್ಟಾಗುವ ಸಂಭವ ಕಡಿಮೆ. ಹೊಟ್ಟೆ ನಡುವೆ ಹಳೇ ಆಪರೇಷನ್ ಇದ್ದವರಿಗೆ, ತುಂಬಾ ದಪ್ಪ ಹೊಟ್ಟೆಯವರಿಗೆ, ಹರ್ನಿಯಾ ಇರುವವರಿಗೆ ಸಾಮಾನ್ಯವಾಗಿ ಬೇರೆ ದಾರಿ ನೋಡುತ್ತಾರೆ.

ಕೊಯ್ದು ಹಾಕುವುದು. ಹೊಕ್ಕುಳಿನ ಪಕ್ಕದಲ್ಲಿ ಒಂದೆರಡು ಇಂಚು ಕೊಯ್ದು, ಸ್ನಾಯು ಬಿಡಿಸಿ, ಪೊರೆಯನ್ನು ಕಣ್ಣಾರೆ ನೋಡಿ ತೆರೆದು, ಪೈಪನ್ನು ಕಿಬ್ಬೊಟ್ಟೆಯ ಕಡೆಗೆ ಇಳಿಸುತ್ತಾರೆ. ಪೊರೆಯನ್ನು ಪೈಪಿನ ಸುತ್ತ ಚೀಲದ ಬಾಯಿ ಬಿಗಿದಂತೆ ಹೊಲಿಯುತ್ತಾರೆ. ವಿಶೇಷ ಯಂತ್ರ ಬೇಡ, ಅನುಭವ ಇರುವ ಸರ್ಜನ್ ಸಾಕು. ಜಿಲ್ಲೆಯ ಮಟ್ಟದಲ್ಲಿ ಇದರ ದೊಡ್ಡ ಅನುಕೂಲ ಅದೇ. ಕೊರತೆ ಏನೆಂದರೆ ಸಣ್ಣ ಕಿಂಡಿಯಲ್ಲಿ ನೋಡಿದಷ್ಟೇ ಕಾಣುತ್ತದೆ, ಪೈಪಿನ ತುದಿ ಎಲ್ಲಿ ಹೋಗಿ ಕೂತಿತು ಅನ್ನುವುದು ಕಾಣುವುದಿಲ್ಲ.

ಕ್ಯಾಮೆರಾ ಇಳಿಸಿ ಹಾಕುವುದು, ಅಂದರೆ ಲ್ಯಾಪ್ರೋಸ್ಕೋಪಿ. ನಮ್ಮ ಕಡೆ ಇದನ್ನು ಕೆಲವರು ಲೇಸರ್ ಆಪರೇಷನ್ ಅನ್ನುತ್ತಾರೆ, ಲೇಸರ್‌ಗೂ ಇದಕ್ಕೂ ಸಂಬಂಧವಿಲ್ಲ. ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು, ಟಿವಿಯಲ್ಲಿ ನೋಡುತ್ತಾ ಪೈಪ್ ಕೂರಿಸುತ್ತಾರೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು.

ಇದರಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಕ್ಯಾಮೆರಾ ಹಾಕಿದ ಮಾತ್ರಕ್ಕೆ ಫಲ ಹೆಚ್ಚಾಗುವುದಿಲ್ಲ. ಬರೀ ನೋಡಿಕೊಂಡು ಪೈಪ್ ಇಳಿಸಿದರೆ ಅದು ಕೊಯ್ದು ಹಾಕಿದ್ದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ. ಕ್ಯಾಮೆರಾದ ಲಾಭ ಇರುವುದು ಅದರ ಜೊತೆ ಮಾಡುವ ಕೆಲಸಗಳಲ್ಲಿ: ಪೈಪನ್ನು ಸ್ನಾಯುವಿನ ಪದರದೊಳಗೆ ಓರೆಯಾಗಿ, ಕೆಳಮುಖವಾಗಿ ಹಾಯಿಸಿ ತುದಿ ಮೇಲಕ್ಕೆ ಜಿಗಿಯದಂತೆ ಮಾಡುವುದು, ಹಳೇ ಅಂಟುಗಳನ್ನು ಬಿಡಿಸುವುದು, ಓಮೆಂಟಮ್ ಉದ್ದವಾಗಿದ್ದರೆ ಮೇಲಕ್ಕೆ ಎತ್ತಿ ಹೊಲಿಯುವುದು. ಓಮೆಂಟಮ್ ಎಂದರೆ ಕರುಳಿನ ಮುಂದೆ ಸೆರಗಿನ ಹಾಗೆ ಇಳಿಬಿದ್ದಿರುವ ಕೊಬ್ಬಿನ ಪರದೆ. ಪೈಪಿನ ತೂತುಗಳಿಗೆ ಅದು ಸುತ್ತಿಕೊಂಡರೆ ದ್ರವ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಾಗಾಗಿ ಸರ್ಜನ್ ಹತ್ತಿರ ಸಂಕೋಚ ಬಿಟ್ಟು ಕೇಳಿ: "ಡಾಕ್ಟ್ರೇ, ಓಮೆಂಟಮ್ ಅಡ್ಡ ಬಂದರೆ ಅದನ್ನೂ ಸರಿಮಾಡ್ತೀರಾ?"

ನನ್ನ ಅಭಿಪ್ರಾಯ ಕೇಳಿದರೆ, ಹಿಂದೆ ಹೊಟ್ಟೆಯ ಆಪರೇಷನ್ ಆಗದವರಿಗೆ ಮೂರೂ ದಾರಿ ಸರಿಯೇ, ನಿಮ್ಮ ಊರಿಗೆ ಹತ್ತಿರದಲ್ಲಿ ಯಾರು ಇದನ್ನು ಪದೇ ಪದೇ ಮಾಡುತ್ತಾರೋ ಅವರ ಹತ್ತಿರ ಹೋಗಿ. ಹಳೇ ಆಪರೇಷನ್ ಇದ್ದವರು ಮಾತ್ರ ಕ್ಯಾಮೆರಾ ಸೌಲಭ್ಯ ಇರುವಲ್ಲಿಗೆ ಹೋಗುವ ಖರ್ಚು, ಓಡಾಟ ಸಹಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಬಗೆಯೂ ಇದೆ. ಪೈಪ್ ಹಾಕಿ ಹೊರತುದಿಯನ್ನೂ ಚರ್ಮದ ಕೆಳಗೆ ಹೂತಿಟ್ಟು, ಡಯಾಲಿಸಿಸ್ ಬೇಕಾದಾಗ ಸಣ್ಣದಾಗಿ ಕೊಯ್ದು ಹೊರತೆಗೆಯುವುದು. ತಿಂಗಳುಗಟ್ಟಲೆ ಮೊದಲೇ ಯೋಚನೆ ಮಾಡುವವರಿಗೆ ಅದು. ತುರ್ತಿನಲ್ಲಿ ಎರಡು ಮೂರು ದಿನಕ್ಕೆಂದು ಹಾಕುವ ಗಟ್ಟಿ ಪೈಪ್ ಬೇರೆಯೇ. ನೆಂಟರಲ್ಲಿ ಯಾರಿಗೋ ಅದನ್ನು ಹಾಕಿ ಸೋಂಕಾಯಿತು ಅನ್ನುವ ಕಥೆ ಕೇಳಿ ಟೆನ್‌ಕಾಫ್‌ಗೆ ಹೆದರಬೇಡಿ.

ಹಂತ 3: ದಿನ ಗೊತ್ತು ಮಾಡಿ, ಖರ್ಚು ವಿಚಾರಿಸಿ

ಡಯಾಲಿಸಿಸ್ ಬೇಕಾಗಬಹುದಾದ ಅಂದಾಜಿಗೆ ಕನಿಷ್ಠ 2 ವಾರ ಮೊದಲು ಪೈಪ್ ಹಾಕಿಸಿ, 4 ವಾರ ಮೊದಲಾದರೆ ಇನ್ನೂ ನಿರಾಳ. ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಅಂತ ತಳ್ಳುತ್ತಾ ಹೋಗಿ ಕೊನೆಗೆ ಉಸಿರು ಕಟ್ಟಿ ಬಂದವರಿಗೆ ಕುತ್ತಿಗೆಗೆ ಪೈಪ್ ಹಾಕಿ ರಕ್ತದ ಡಯಾಲಿಸಿಸ್ ಶುರು ಮಾಡಬೇಕಾಗುತ್ತದೆ.

ರೇಷನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕಾಣಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆ ಆಸ್ಪತ್ರೆಗೆ ಏನೇನು ಸಿಗುತ್ತದೆ ಅಂತ ಬಿಡಿಬಿಡಿಯಾಗಿ ಕೇಳಿ: ಆಪರೇಷನ್, ಪೈಪ್, ಅದರ ತುದಿಗೆ ಜೋಡಿಸುವ ಟ್ರಾನ್ಸ್‌ಫರ್ ಸೆಟ್, ಪ್ರತಿ ತಿಂಗಳ ದ್ರವದ ಬ್ಯಾಗ್. ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ ಇರಬಹುದು. ಶಿಫಾರಸು ಪತ್ರ ಬೇಕೇ ಅನ್ನುವುದನ್ನೂ ಆಗಲೇ ತಿಳಿದುಕೊಳ್ಳಿ.

ಹಂತ 4: ಪೆನ್ನಿನ ಗುರುತು

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಪೈಪ್ ಚರ್ಮದಿಂದ ಹೊರಬರುವ ಜಾಗವನ್ನು ಎಕ್ಸಿಟ್ ಸೈಟ್ ಅನ್ನುತ್ತೇವೆ. ಪ್ರತಿದಿನ ನೀವು ತೊಳೆದು, ಒರೆಸಿ, ಮುಲಾಮು ಹಚ್ಚಬೇಕಾದ ಜಾಗ ಅದು. ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಹೊಟ್ಟೆ ಸಪಾಟಾಗಿ, ಎಲ್ಲ ಜಾಗವೂ ಸರಿಯಾಗೇ ಕಾಣುತ್ತದೆ. ಎದ್ದು ಕೂತಾಗ ಗೊತ್ತಾಗುತ್ತದೆ ಅದು ಮಡಿಕೆಯೊಳಗೆ ಹೋಯಿತೋ, ಲಾಡಿಯ ಕೆಳಗೆ ಬಂತೋ ಅಂತ. ಬೇರೊಂದು ಊರಿನಲ್ಲಿ ಗುರುತಿಲ್ಲದೆ ಪೈಪ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದ ಒಬ್ಬ ತಾಯಿಗೆ ಎಕ್ಸಿಟ್ ಸೈಟ್ ಸರಿಯಾಗಿ ಲಂಗದ ಲಾಡಿಯ ಗಂಟಿನ ಕೆಳಗೆ ಬಂದಿತ್ತು. ಬೇಸಿಗೆಯ ಬೆವರು, ಗಂಟಿನ ಉಜ್ಜಾಟ ಸೇರಿ ಮೂರು ತಿಂಗಳಲ್ಲಿ ಎರಡು ಸಲ ಕೀವಾಯಿತು. ಅವರು ಒಂದು ದಿನವೂ ಸ್ವಚ್ಛತೆಯಲ್ಲಿ ತಪ್ಪಿದವರಲ್ಲ. ಆ ಸಂಕಟ ನೋಡಿದಾಗಿನಿಂದ ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಗುರುತು ಹಾಕುವುದು ಹೀಗೆ. ಆಪರೇಷನ್‌ಗೆ ಮೊದಲು, ಹೊರಗಡೆ, ನೀವು ಎಚ್ಚರವಾಗಿರುವಾಗ. ದಿನಾ ಉಡುವ ಬಟ್ಟೆಯಲ್ಲೇ ಹೋಗಿ: ಸೀರೆಯವರು ಸೀರೆಯಲ್ಲಿ, ಪಂಚೆಯವರು ಪಂಚೆಯಲ್ಲಿ, ಬೆಲ್ಟ್ ಹಾಕುವವರು ಬೆಲ್ಟ್ ಹಾಕಿಕೊಂಡು. ಉಡುದಾರ ಬಿಚ್ಚಿಡಬೇಡಿ, ಅದು ಎಲ್ಲಿ ಕೂರುತ್ತದೆ ಅಂತಲೂ ನೋಡಬೇಕು. ಕೊರಳಲ್ಲಿ ಲಿಂಗದ ಕರಡಿಗೆ ಇಳಿಬಿಟ್ಟುಕೊಳ್ಳುವವರು ಬಾಗಿದಾಗ ಅದು ಎಲ್ಲಿಗೆ ತಾಗುತ್ತದೆ ಎಂದು ತೋರಿಸಿ. ಮೊದಲು ಮಲಗಿಸಿ, ಪೈಪನ್ನೋ ಅದರ ಅಚ್ಚನ್ನೋ ಹೊಟ್ಟೆಯ ಮೇಲಿಟ್ಟು, ತುದಿ ಕಿಬ್ಬೊಟ್ಟೆಯ ಮೂಳೆಯ ಮಟ್ಟಕ್ಕೆ ಬರುವಂತೆ ಅಳೆಯುತ್ತಾರೆ. ಅದರಿಂದ ಎಕ್ಸಿಟ್ ಎಲ್ಲಿ ಬರಬೇಕೆಂದು ಚುಕ್ಕೆ ಇಡುತ್ತಾರೆ. ಆಮೇಲೆ ನೀವು ಎದ್ದು ಕೂರಬೇಕು, ಬಾಗಬೇಕು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೂ ನೋಡಬೇಕು.

ಆ ಚುಕ್ಕೆ ನಿಮ್ಮ ಕಣ್ಣಿಗೆ ಕಾಣಬೇಕು. ಎರಡೂ ಕೈಗೆ ಸಿಗಬೇಕು. ಮಡಿಕೆಯಲ್ಲಿ, ಹಳೇ ಗಾಯದ ಮೇಲೆ, ಲಾಡಿ ಅಥವಾ ಬೆಲ್ಟಿನ ಸಾಲಿನಲ್ಲಿ ಇರಬಾರದು. ಹೊಟ್ಟೆ ಜೋಲುವವರಿಗೆ ಹೊಕ್ಕುಳಿನ ಮೇಲ್ಭಾಗದಲ್ಲಿ, ಬೇಕಾದರೆ ಉದ್ದದ ಪೈಪ್ ಬಳಸಿ ಎದೆಯ ಮೇಲೆಯೂ ಹೊರತರಬಹುದು. ಪೈಪ್ ಹೊರಬರುವ ದಿಕ್ಕು ಪಕ್ಕಕ್ಕೆ ಅಥವಾ ಕೆಳಮುಖವಾಗಿರಬೇಕು. ಮೇಲ್ಮುಖವಾದರೆ ಬೆವರು, ನೀರು ಒಳಗೆ ಇಳಿದು ನಿಲ್ಲುತ್ತದೆ.

ಯಾರೂ ಗುರುತು ಹಾಕಲು ಬರದಿದ್ದರೆ ಕಾಯುತ್ತಾ ಕೂರಬೇಡಿ. "ಗುರುತು ಹಾಕಿದ ಮೇಲೇ ನಾನು ಥಿಯೇಟರ್‌ಗೆ ಬರ್ತೀನಿ" ಅಂತ ವಿನಯದಿಂದಲೇ ಹೇಳಿ.

ಹಂತ 5: ಹಿಂದಿನ ದಿನ ಮತ್ತು ಆ ದಿನ

ಹೊಟ್ಟೆ ಖಾಲಿಯಾಗಿರಬೇಕು. ಕರುಳು ತುಂಬಿದ್ದರೆ ಪೈಪ್ ಕೆಳಗೆ ಇಳಿಯುವುದಿಲ್ಲ. ವೈದ್ಯರು ಬರೆದುಕೊಟ್ಟ ಭೇದಿ ಔಷಧಿಯನ್ನೇ ತಗೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಫಾಸ್ಫೇಟ್ ಎನಿಮಾ ಅಥವಾ ಮೆಗ್ನೀಷಿಯಂ ಇರುವ ಬಿಳಿ ಸಿರಪ್ ತರಬೇಡಿ. ಕಿಡ್ನಿ ಸೋತವರಿಗೆ ಇವೆರಡೂ ಪ್ರಾಣಕ್ಕೇ ಕುತ್ತು ತರಬಹುದು.

ಆಸ್ಪತ್ರೆ ಹೇಳಿದ ಕ್ಲೋರ್‌ಹೆಕ್ಸಿಡಿನ್ ಸೋಪಿನಲ್ಲಿ ಸ್ನಾನ ಮಾಡಿ. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ, ಸಣ್ಣ ಗೀರುಗಳಲ್ಲಿ ಸೋಂಕು ಹುಟ್ಟುತ್ತದೆ. ಅಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಪೆನ್ನಿನ ಗುರುತು ಅಳಿಸದಂತೆ ಮಾತ್ರ ನೋಡಿಕೊಳ್ಳಿ.

ಒಳಗೆ ಹೋಗುವ ಮುನ್ನ ಮೂತ್ರ ಪೂರ್ತಿ ಮಾಡಿ. ಮೂತ್ರಚೀಲ ತುಂಬಿದ್ದರೆ ಸೂಜಿ ಅದಕ್ಕೇ ತಾಗಬಹುದು. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮಾಡಿದ ಮೇಲೂ ಒಳಗೆ ಉಳಿಯುತ್ತದೆ, ಅದನ್ನು ಮೊದಲೇ ತಿಳಿಸಿ.

ಪೈಪ್ ಹಾಕಿದ ಮೇಲೆ ಟೇಬಲ್ ಮೇಲೇ ದ್ರವ ಬಿಟ್ಟು ತೆಗೆದು ಹರಿವು ನೋಡುತ್ತಾರೆ. ಎಕ್ಸಿಟ್ ಸೈಟಿಗೆ ಹೊಲಿಗೆ ಹಾಕುವುದಿಲ್ಲ, ಹಾಕಲೂಬಾರದು, ಹೊಲಿಗೆಯ ದಾರ ಸೋಂಕಿಗೆ ದಾರಿ. ಹಾಗಾಗಿ "ಹೊಲಿಗೇನೇ ಹಾಕಿಲ್ಲ" ಅಂತ ಗಾಬರಿಯಾಗಬೇಡಿ.

ಹಂತ 6: ಮೊದಲ ಎರಡು ವಾರ

ಬ್ಯಾಂಡೇಜ್ ಬಿಚ್ಚಬೇಡಿ. ರಕ್ತ ಸೋರದಿದ್ದರೆ, ಒದ್ದೆಯಾಗದಿದ್ದರೆ, ಮೊದಲ ವಾರ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಬದಲಿಸುವುದಿದ್ದರೂ ತರಬೇತಿ ಇರುವ ನರ್ಸ್ ಬದಲಿಸಲಿ. ಪೈಪ್ ಅಲುಗಾಡದಂತೆ ಹೊಟ್ಟೆಗೆ ಟೇಪ್ ಅಂಟಿಸಿರಲಿ. ಗಾಯ ಮಾಯುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಿ, ತಲೆಗೆ ನೀರು ಹಾಕಿಕೊಳ್ಳುವುದಿದ್ದರೆ ಬಾಗಿ ಬೇರೆಯಾಗಿ ಹಾಕಿಸಿಕೊಳ್ಳಿ. ಕೆರೆ, ಹೊಳೆ, ಚಾನೆಲ್ ನೀರಿಗೆ ಇಳಿಯುವುದು ಗಾಯ ಮಾಯ್ದ ಮೇಲೂ ಬೇಡ.

ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಯಾವುದೂ ಆ ಜಾಗಕ್ಕೆ ಬೇಡ. ಹೊಟ್ಟೆಗೂ ವಿಭೂತಿ ಹಚ್ಚುವ ರೂಢಿ ಇರುವವರು ಆ ಬದಿ ಬಿಟ್ಟು ಹಚ್ಚಿ. ಗಾಯ ಮಾಯ್ದ ಮೇಲೆ ದಿನಾ ಹಚ್ಚಲು ಆಂಟಿಬಯಾಟಿಕ್ ಮುಲಾಮು ಬರೆದುಕೊಡುತ್ತಾರೆ, ಅದೊಂದೇ ಸಾಕು.

ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ. ತುಂಬಿದ ಕೊಡ ಎತ್ತುವುದು, ಮೆಕ್ಕೆಜೋಳದ ಚೀಲ ಹೊರುವುದು, ಅಡಿಕೆ ಗೊನೆ ಎಳೆಯುವುದು ನಿಲ್ಲಲಿ. ಕುಕ್ಕರಗಾಲಲ್ಲಿ ಕೂತು ತಿಣುಕುವುದೂ ಹೊಟ್ಟೆಯ ಒತ್ತಡ ಹೆಚ್ಚಿಸುತ್ತದೆ, ಕೆಮ್ಮೂ ಅಷ್ಟೇ. ಮಲಬದ್ಧತೆ ಆಗದಂತೆ ಔಷಧಿ ಮುಂದುವರಿಸಿ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಬೇಡ, ಉಳಿದಿರುವ ಅಲ್ಪಸ್ವಲ್ಪ ಮೂತ್ರವನ್ನೂ ಅವು ಕಸಿಯುತ್ತವೆ. ಏನು ನುಂಗಬೇಕೆಂದು ವೈದ್ಯರನ್ನೇ ಕೇಳಿ.

ಪೈಪಿನ ಹತ್ತಿರ ಕತ್ತರಿ ತರಲೇಬಾರದು. ಟೇಪ್ ಕತ್ತರಿಸಲು ಹೋಗಿ ಪೈಪ್ ಕತ್ತರಿಸಿದವರಿದ್ದಾರೆ. ಹಾಗೇನಾದರೂ ಆದರೆ ತುಂಡಾದ ಜಾಗಕ್ಕೂ ಹೊಟ್ಟೆಗೂ ನಡುವೆ ಪೈಪನ್ನು ಮಡಚಿ ಬಿಗಿಯಾಗಿ ಹಿಡಿದು ನೇರ ಆಸ್ಪತ್ರೆಗೆ ಬನ್ನಿ.

ಎರಡು ವಾರ ಕಾಯಲು ಆಗದಷ್ಟು ತುರ್ತಿದ್ದರೆ ಆಸ್ಪತ್ರೆಯಲ್ಲೇ ಮಲಗಿಸಿ, ಕಡಿಮೆ ದ್ರವ ಬಿಟ್ಟು ಶುರು ಮಾಡುತ್ತಾರೆ. ಹಾಗೆ ಶುರು ಮಾಡಿದವರು ಹೊಟ್ಟೆಯಲ್ಲಿ ದ್ರವ ಇರುವಾಗ ಎದ್ದು ಓಡಾಡಬೇಡಿ, ಪೈಪಿನ ಸುತ್ತ ಸೋರುತ್ತದೆ.

ಹಂತ 7: ಮೊದಲ ಬ್ಯಾಗುಗಳು, ಮತ್ತು ಯಾವಾಗ ಓಡಿಬರಬೇಕು

ಮೊದಲ ದಿನಗಳಲ್ಲಿ ಹೊರಬರುವ ದ್ರವ ತಿಳಿ ಗುಲಾಬಿ ಬಣ್ಣ ಇರಬಹುದು. ಮುಟ್ಟಿನ ದಿನಗಳಲ್ಲೂ ಹಾಗೆ ಕಾಣುವುದುಂಟು. ಕಡುಕೆಂಪಾದರೆ ಫೋನ್ ಮಾಡಿ.

ಒಳಗೆ ಹೋದದ್ದು ಹೊರಗೆ ಬಾರದಿದ್ದರೆ ಪೈಪೇ ಕೆಟ್ಟಿತು ಎಂದು ಅಳಬೇಡಿ. ಪೈಪ್ ಎಲ್ಲಾದರೂ ಮಡಚಿದೆಯಾ, ಕ್ಲಿಪ್ ತೆರೆದಿದೆಯಾ ನೋಡಿ, ಮಗ್ಗುಲು ಬದಲಿಸಿ. ಬಹಳ ಸಲ ಕಾರಣ ಮಲಬದ್ಧತೆ, ಹೊಟ್ಟೆ ಸಾಫಾದರೆ ಹರಿವು ತಾನೇ ಸರಿಹೋಗುತ್ತದೆ. ಆಗದಿದ್ದರೆ ಎಕ್ಸ್‌ರೇ ತೆಗೆದು ತುದಿ ಎಲ್ಲಿದೆ ಅಂತ ನೋಡುತ್ತಾರೆ.

ಬ್ಯಾಂಡೇಜ್ ಪದೇ ಪದೇ ಒದ್ದೆಯಾಗುವುದು, ಹೊಟ್ಟೆಯ ಒಂದು ಬದಿ ಅಥವಾ ವೃಷಣ ಊದುವುದು, ಎಕ್ಸಿಟ್ ಸೈಟಿನಲ್ಲಿ ಕೀವು, ಜ್ವರ, ಹೊಟ್ಟೆನೋವು, ಇವು ಕಂಡ ದಿನವೇ ಆಸ್ಪತ್ರೆಗೆ ಬರಬೇಕು.

ಎಲ್ಲಕ್ಕಿಂತ ಮುಖ್ಯ, ಹೊರಬಂದ ಬ್ಯಾಗನ್ನು ಪ್ರತಿ ಸಲ ಪರೀಕ್ಷೆ ಮಾಡಿ. ಬೆಳಿಗ್ಗೆ ಬಂದ ಜನತಾವಾಣಿಯೋ ಮನೆಯಲ್ಲಿರುವ ಯಾವ ಪೇಪರೋ ಹಾಸಿ, ಅದರ ಮೇಲೆ ಬ್ಯಾಗ್ ಇಡಿ. ದ್ರವದ ಮೂಲಕ ಕೆಳಗಿನ ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಸರಿ. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿ ಅಕ್ಷರ ಮಸುಕಾದರೆ ಅದು ಪೆರಿಟೋನೈಟಿಸ್, ಅಂದರೆ ಉದರಪೊರೆಯ ಸೋಂಕು ಇರಬಹುದು. ನೋವು ಇಲ್ಲ, ಜ್ವರ ಇಲ್ಲ ಅಂತ ಬೆಳಗಾಗುವವರೆಗೆ ಕಾಯಬೇಡಿ. ಆ ಬ್ಯಾಗನ್ನು ಚೆಲ್ಲಬೇಡಿ, ಅದರಿಂದಲೇ ಯಾವ ರೋಗಾಣು, ಯಾವ ಔಷಧಿ ಎಂದು ಗೊತ್ತಾಗುವುದು. ಬಾಯಿ ಮುಚ್ಚಿ, ಸ್ವಚ್ಛ ಕವರಿನಲ್ಲಿ ಹಾಕಿ, ನಿಮ್ಮ ಹೊಟ್ಟೆ ಡಯಾಲಿಸಿಸ್ ನರ್ಸಿಗೆ ಫೋನ್ ಮಾಡುತ್ತಲೇ ಗಾಡಿ ಹತ್ತಿ. ಆ ನಂಬರನ್ನು ಇವತ್ತೇ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.